ಸವತಿಯ ಕರಿಮಸಾಲೆ

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವಾದ ಮರುವರ್ಷ, ಬೀಡಿ ಎಂಬ ಹಳ್ಳಿಯ ಬಡ ಪುರೋಹಿತರ ಮಗಳು ಕೃಷ್ಣಾಬಾಯಿ ಬೆಳಗಾವಿಯ ಕಚೇರಿಯ ಕಾರಕೂನ ತ್ರ್ಯಂಬಕರಾಯರಿಗೆ ಎರಡನೆಯ ಹೆಂಡತಿಯಾಗಿ ಬಂದಳು. ಮೊದಲನೆಯವಳು ಯಮುನಾ, ಬಾಣಂತಿ ಜ್ವರದಲ್ಲಿ ಹಸುಗೂಸಿನ ಸಮೇತ ಹೋಗಿಬಿಟ್ಟಿದ್ದಳು. ಉಳಿದದ್ದು ನಾಲ್ಕು ವರ್ಷದ ಕುಂದಾ ಒಬ್ಬಳೇ. ಧಾರೆಯಾದ ಕೂಡಲೇ ಹಿರಿಯರು ಯಮುನಾಳ ಮುಖ ಒತ್ತಿದ ಬೆಳ್ಳಿ ತಗಡನ್ನು ಕೃಷ್ಣಾಬಾಯಿಯ ಕೊರಳಿಗೆ ಕಟ್ಟಿದರು. ಎರಡನೆಯವಳು ಸವತಿಯನ್ನು ಹೊತ್ತುಕೊಂಡೇ ಬಾಳಬೇಕು, ಸತ್ತವಳ ತವರನ್ನೇ ತವರೆನ್ನಬೇಕು, ಅದು ಪದ್ಧತಿ. ಕೊರಳಿನ ಸವತಿ ಯಾವ ಕಾಟವನ್ನೂ ಕೊಡಲಿಲ್ಲ. ಕಾಟವೆಲ್ಲ ಅಡಿಗೆಮನೆಯಲ್ಲಿತ್ತು.

ಕುಂದಾ ಉಣ್ಣುತ್ತಿರಲಿಲ್ಲ. ಏನು ಬಡಿಸಿದರೂ "ಇದು ಅವ್ವನ ಆಮಟಿ ಅಲ್ಲ" ಎಂದು ತಾಟು ಸರಿಸುತ್ತಿತ್ತು. ಆ ಸಾರಿಗೆ ಬೇಕಾದ ಬೇಳೆ, ಹುಣಸೆ, ಬೆಲ್ಲ ಯಾರ ಮನೆಯಲ್ಲಿಲ್ಲ? ಆಮಟಿಯ ಜೀವವೆಲ್ಲ ಕರಿಮಸಾಲೆಯಲ್ಲಿ. ಯಮುನಾ ತನ್ನ ಕೊನೆಯ ಬೇಸಿಗೆಯಲ್ಲಿ ಕುಟ್ಟಿಟ್ಟ ಮಸಾಲೆ ಬರಣಿಯಲ್ಲಿ ಅರ್ಧ ಉಳಿದಿತ್ತು. ಅದನ್ನು ಹಾಕಿದ ದಿನ ಮಗು ನಾಲ್ಕು ತುತ್ತು ಉಂಡಿತು.

ಖಾನಾಪುರದಿಂದ ಬಂದಿದ್ದ ಯಮುನಾಳ ತಾಯಿ ರಾಧಾಬಾಯಿ ಮೊಮ್ಮಗಳ ಎಲುಬು ಸವರಿ ನೋಡಿ ಖಡಾಖಂಡಿತ ಹೇಳಿದಳು: "ದೀಪಾವಳಿ ತನಕ ನೋಡತೇನಿ, ಕೃಷ್ಣಿ. ಕೂಸು ಹಿಂಗ ಒಣಗಿದ್ರ ನಾ ಕರಕೊಂಡು ಹೋಗತೇನಿ."

ಹೋದರೆ ಹೋಗಲಿ, ಪೀಡೆ ಕಳೆಯಿತು ಎನ್ನುವವಳಲ್ಲ ಕೃಷ್ಣಾಬಾಯಿ. ಹಗಲೆಲ್ಲ ಹತ್ತಿರ ಸುಳಿಯದ ಮಗು ನಿದ್ದೆಯಲ್ಲಿ ಅವಳ ಸೆರಗು ಹಿಡಿದು ಮಲಗುತ್ತಿತ್ತು. ಅಷ್ಟಕ್ಕೇ ಈ ಹುಚ್ಚಿ ಜೀವ ತೇದಳು! ಮಸಾಲೆಗೆ ಏನೇನು ಬೀಳುತ್ತದೆಂದು ರಾಧಾಬಾಯಿಯನ್ನೇ ಕೇಳಬಹುದಿತ್ತು. ಕೇಳಿದರೆ "ನಿನ್ನ ಕೈಲೆ ಆಗೂದಿಲ್ಲ ಬಿಡು" ಎಂದು ಕೂಸನ್ನು ಎತ್ತಿಕೊಂಡೇ ಹೋದಾಳು ಎಂದು ಅಂಜಿದಳು. ಅಲ್ಲೇ ತಪ್ಪಿದ್ದು.

ಬರಣಿಯಿಂದ ಒಂದು ಚಮಚ ತೆಗೆದರೆ ತಾನು ಕುಟ್ಟಿದ್ದನ್ನು ಒಂದು ಚಮಚ ಅದೇ ಬರಣಿಗೆ ಹಾಕತೊಡಗಿದಳು. ಕೊತ್ತಂಬರಿ, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ ಎಲ್ಲ ಮೂಗಿಗೆ ಸಿಕ್ಕವು. ಒಂದು ವಾಸನೆ ಮಾತ್ರ ಏನು ಮಾಡಿದರೂ ಸಿಗಲಿಲ್ಲ. ಅದರ ಬದಲಿಗೆ ಬೀಡಿಯಲ್ಲಿ ತನ್ನ ತಾಯಿ ಹಾಕುತ್ತಿದ್ದ ಗುರೆಳ್ಳನ್ನು ಹುರಿದು ಹಾಕಿದಳು. ಮಗು ಉಂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬರಣಿಯಲ್ಲಿ ಯಮುನಾಳದೆನ್ನುವುದು ಉಗುರಿನಷ್ಟೂ ಉಳಿದಿರಲಿಲ್ಲ, ಕುಂದಾಳ ಗಲ್ಲ ಮಾತ್ರ ತುಂಬಿತ್ತು. ಒಂದು ದಿನ ಚಿಕ್ಕಮ್ಮನೆಂದು ಕರೆದು, "ಮಾವಶಿ, ಇನ್ನಷ್ಟು ಆಮಟಿ" ಎಂದಿತು. ಕೃಷ್ಣಾಬಾಯಿ ಒಲೆಯ ಹೊಗೆಯ ನೆವ ಮಾಡಿ ಅತ್ತಳು.

ದೀಪಾವಳಿಗೆ ರಾಧಾಬಾಯಿ ರೈಲಿನಲ್ಲಿ ಬಂದಳು. ಮಡಿ ಹೆಂಗಸು, ಇನ್ನೊಬ್ಬರು ಮಾಡಿದ್ದನ್ನು ಮುಟ್ಟುವವಳಲ್ಲ. ತಾನೇ ಒಲೆ ಸಾರಿಸಿ, ತಂದ ಚೀಲದ ಮಸಾಲೆ ಹಾಕಿ ಆಮಟಿ ಕುದಿಸಿದಳು. ಯಮುನಾಳಿಗೆ ಕಲಿಸಿದ ಕೈಯೇ ಅದು. ಮೊಮ್ಮಗಳ ತಲೆ ಸವರುತ್ತ ಬಡಿಸಿದಳು.

"ಉಣ್ಣ, ಬಂಗಾರ. ನಿಮ್ಮವ್ವನ ಆಮಟಿ."

ಕುಂದಾ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿತು. "ಇದು ಅವ್ವಂದಲ್ಲ, ಅಜ್ಜಿ. ಅವ್ವನ ಆಮಟಿ ಮಾವಶಿ ಮಾಡತಾಳ."

ರಾಧಾಬಾಯಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಕೃಷ್ಣಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಿಂಗಳುಗಟ್ಟಲೆ ದೇವರಲ್ಲಿ ಬೇಡಿದ್ದು ಇದನ್ನೇ ಅಲ್ಲವೇ? ಬೇಡಿದ್ದು ಕೈಗೆ ಬಂದಾಗ ಹೀಗೆ ವಿಷವಾಗಬೇಕೆ! ಬರಣಿ ತಂದು ಮುದುಕಿಯ ಮುಂದಿಟ್ಟು ಎಲ್ಲ ಹೇಳಿದಳು.

ರಾಧಾಬಾಯಿ ಮೂಸಿ ನೋಡಿದಳು. "ಗುರೆಳ್ಳು ಹಾಕೀ. ಕಲ್ಲುಹೂವು ಇಲ್ಲ."

"ಕೂಸಿನ್ನ ಒಯ್ತೀರಂತ ಅಂಜಿ ಕೇಳಲಿಲ್ಲರೀ ಆಯಿ. ಯಮುನಕ್ಕನ್ನ ನಾನ ಅಳಿಸಿಬಿಟ್ಟೆ."

"ಆಕಿ ಮಾರಿ ಈ ಕೂಸಿಗೆ ಮೊದಲ ಮರತು ಹೋಗೇದ. ನಾಲಿಗಿ ಮ್ಯಾಲರೆ ಇರ್ತಾಳ ಅಂತ ಬಂದಿದ್ದೆ." ಮುದುಕಿ ಕೆಂಪು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಮಗಳು ಹೋದ ದಿನದಂತೆಯೇ. ಯಾರನ್ನು ಬಯ್ಯಬೇಕು ಹೇಳಿ? ಕೂಸು ಮಾತ್ರ ಇಬ್ಬರ ಮುಖವನ್ನೂ ನೋಡುತ್ತ, ಹಸಿವೆ ಎಂದಿತು. ಕೃಷ್ಣಾಬಾಯಿ ಎದ್ದು ತನ್ನ ಮಸಾಲೆಯ ಆಮಟಿ ಕುದಿಸಿ ಬಡಿಸಿದಳು. ತಾಟು ಖಾಲಿಯಾಯಿತು.

ಮರುದಿನ ರೈಲಿಗೆ ಹೊರಡುವ ಮುಂಚೆ ರಾಧಾಬಾಯಿ ತನ್ನ ಚೀಲದ ಮಸಾಲೆಯನ್ನೆಲ್ಲ ಒಲೆಯ ಬೂದಿಗೆ ಸುರಿದಳು. ಕೃಷ್ಣಾಬಾಯಿ ಕೈ ಹಿಡಿಯಲು ಓಡಿಬಂದಳು. ತಡವಾಗಿತ್ತು. ಮುದುಕಿ ಚೀಲ ಕೊಡವಿ, ಬಾಯಿ ಅಗಲಿಸಿ ಅವಳ ಮುಂದೆ ಹಿಡಿದಳು.

"ನಿಂದು ಹಾಕು ಇದರಾಗ."

"ನಿಮಗ್ಯಾಕರೀ ಆಯಿ ಅದು?"

"ಬ್ಯಾಸಿಗಿಗೆ ಕುಂದಾ ಖಾನಾಪುರಕ್ಕ ಬರತಾಳಲ್ಲ. ಉಣಬೇಕಲ್ಲವ್ವಾ ಕೂಸು." ರಾಧಾಬಾಯಿ ಕಣ್ಣೊರೆಸಿಕೊಂಡು ನೆಲಕ್ಕೆ ಕುಳಿತಳು. "ಗುರೆಳ್ಳು ಎಷ್ಟು ಹಾಕತೀ? ಸಾವಕಾಶ ಹೇಳು, ನನಗ ಹೊಸಾದು."