ಎಡಗೆನ್ನೆಗೆ ಮಾತು, ಬಲಗೆನ್ನೆಗೆ ಉತ್ತರ

ಮದ್ದೂರಿನ ಅರಳಿಕಟ್ಟೆಯ ಮಗ್ಗುಲಲ್ಲಿ, ಸವೆದ ಚಪ್ಪಡಿಕಲ್ಲಿನ ಮೇಲೆ ಕ್ಷೌರದ ಕೆಂಪಸಿದ್ದಯ್ಯನವರು ಕತ್ತಿ ಮಸೆಯುತ್ತಿದ್ದಾರೆ. ಇನ್ನೂ ಸೂರ್ಯ ಹುಟ್ಟಿಲ್ಲ. ತೊಗಲಿನ ಪಟ್ಟಿಯ ಮೇಲೆ ಆ ಕತ್ತಿ ಆಡುವ ಸದ್ದಿಗೆ ಒಂದು ಲಯವಿದೆ, ಅದನ್ನು ಕೇಳಿಯೇ ತಾವು ಏಳುವುದು ಎಂದು ಎದುರು ಮನೆಯವರು ಹೇಳುತ್ತಾರೆ. ಇಂದು ಲಯ ತಪ್ಪುತ್ತಿದೆ. ಕೈ ನಡುಗುತ್ತಿದೆ.

ಮೊದಲ ಗಿರಾಕಿ ತಿರುನಾರಾಯಣ ಅಯ್ಯಂಗಾರ್ಯರು, ಪಿಂಚಣಿ ಪಡೆಯುವ ಸ್ಕೂಲು ಮೇಷ್ಟ್ರು. ಅವರು ಆ ಕೈಯನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ. "ನನಗೇನೂ ಅವಸರವಿಲ್ಲ ಕಣಯ್ಯಾ. ಚೆನ್ನಾಗಿ ಬೆಳಕಾಗಲಿ."

ಬೆಳಕಾದರೆ ಪೊಲೀಸ್ ದಫೇದಾರರು ಬರುತ್ತಾರೆ. ಹಾಗೆಂದು ಮೊನ್ನೆಯೇ ಹೇಳಿಹೋಗಿದ್ದಾರೆ. ಅವರಿಗೊಂದು ಹೆಸರು ಬೇಕು. ಕೊಟ್ಟರೆ ಒಬ್ಬ ಗಿರಾಕಿ ಲಾಕಪ್ಪಿಗೆ. ಕೊಡದಿದ್ದರೆ ಪೆಟ್ಟಿಗೆಯ ಸಮೇತ ಕೆಂಪಸಿದ್ದಯ್ಯನವರೇ.

ಇಪ್ಪತ್ತೆರಡು ವರ್ಷದಿಂದ ಅವರು ಇದೇ ಕಲ್ಲಿನ ಮೇಲಿದ್ದಾರೆ. ಅಪ್ಪನಿಂದ ಬಂದದ್ದು ಮೂರು ಕತ್ತಿ, ಮೂಲೆ ಒಡೆದ ಒಂದು ಕನ್ನಡಿ, ಮತ್ತು ಕುಕ್ಕರಗಾಲಲ್ಲಿ ಕೂತು ಕೂತು ಹಿಡಿದುಕೊಳ್ಳುವ ಮಂಡಿ. ದಿನಕ್ಕೆ ಹದಿನೈದು ಗಡ್ಡ, ನಾಲ್ಕು ತಲೆ. ಸಂತೆಯ ದಿನ ಮೂವತ್ತು ದಾಟುತ್ತದೆ. ಆ ದಿನ ಹೆಂಡತಿ ಸೋಮಮ್ಮ ಮಂಡಿಗೆ ಹರಳೆಣ್ಣೆ ಕಾಯಿಸಿಡುತ್ತಾರೆ.

ಆದರೆ ಮದ್ದೂರಿನಲ್ಲಿ ಕೆಂಪಸಿದ್ದಯ್ಯನವರ ಕಲ್ಲನ್ನು ಜನ ಹುಡುಕಿಕೊಂಡು ಬರುವುದು ಬರೀ ಗಡ್ಡಕ್ಕಲ್ಲ. ಅಲ್ಲಿ ರಾಜಕೀಯ ಮಾತಾಡಬಹುದು, ಒಂದು ಕಟ್ಟಳೆಗೆ ಒಳಪಟ್ಟು. ಮೊದಲು ಎಡಗೆನ್ನೆ ಕ್ಷೌರ. ಅದು ಮುಗಿದೊಡನೆ ಕೆಂಪಸಿದ್ದಯ್ಯನವರು ಕತ್ತಿ ಒರೆಸಿ ಸುಮ್ಮನಾಗುತ್ತಾರೆ. ಕೂತವನು ತನಗೆ ತೋಚಿದ್ದನ್ನು ಹೇಳಬಹುದು. ಆಮೇಲೆ ಕತ್ತಿ ಬಲಗೆನ್ನೆಗೆ ಬರುತ್ತದೆ; ಆಗ ಕಟ್ಟೆಯ ಮೇಲಿನವರಲ್ಲಿ ಒಬ್ಬರು ಉತ್ತರ ಹೇಳುತ್ತಾರೆ, ಕೂತವನು ಕೇಳುತ್ತಾನೆ.

"ಕತ್ತಿ ಕೆನ್ನೆ ಮ್ಯಾಲಿದ್ರೆ ಎಂಥಾ ಲಾಯರ್ರೂ ಅಡ್ಡಬಾಯಿ ಆಕಕಿಲ್ಲ ಸ್ವಾಮಿ," ಎನ್ನುತ್ತಾರೆ ಅವರು. "ಅರ್ಧ ಗಡ್ಡ ಇಟ್ಕಂಡು ಎದ್ದೋಗಕ್ಕೂ ಆಗಕಿಲ್ಲ. ಇನ್ನೊಂದು. ಇಲ್ಲಿ ಇಲ್ದೋರ್ನ ಅವ್ನು ಇವ್ನು ಅನ್ನಂಗಿಲ್ಲ. ದಿವಾನ್ರಾದ್ರೂ ಅವ್ರು, ತೋಟಿಯಾದ್ರೂ ಅವ್ರು."

ಈ ಕಟ್ಟಳೆ ಪುಸ್ತಕದಿಂದ ಬಂದದ್ದಲ್ಲ. ನಾಲೆಯ ನೀರು ಹೊಸದಾಗಿ ಹರಿದ ವರ್ಷ, ಈ ಕಲ್ಲಿನಿಂದ ಎದ್ದವನೊಬ್ಬ ಕಟ್ಟೆಯಲ್ಲಿದ್ದವನಿಗೆ ಒಂದು ಮಾತು ಎಸೆದು ಬಸ್ಸು ಹತ್ತಿಬಿಟ್ಟ. ಉತ್ತರ ಹೇಳಲು ಎದುರಿಗೆ ಯಾರೂ ಸಿಗದೆ ಮಾತು ತಿಂದವನು ಅದನ್ನು ಊರಿಗೆ ಹೊತ್ತುಕೊಂಡು ಹೋದ. ಅಲ್ಲಿ ಮಚ್ಚು ಎದ್ದಿತು. "ಒಬ್ಬುನ್ ಕೈದು ಎರಡು ಬೆಳ್ಳು ಓಯ್ತು. ಆ ಮಾತು ಉಟ್ಟಿದ್ದು ನನ್ ಕಲ್ಲಿನ್ ಮ್ಯಾಲೆ. ನಾನೂ ಕೇಳುಸ್ಕಂಡು ನಗಾಡ್ದೆ," ಎಂದು ಕೆಂಪಸಿದ್ದಯ್ಯನವರು ಹೇಳುವಾಗ ಕತ್ತಿಯನ್ನು ಕೆಳಗಿಡುತ್ತಾರೆ.

ಆರು ವರ್ಷ ಕಟ್ಟಳೆ ನಡೆಯಿತು. ಈ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ಸಿನವರು ಬಾವುಟದ ಸಭೆ ನಡೆಸಿ ಸೆರೆಯಾದಂದಿನಿಂದ ಮಾತಿಗೇ ಹೆದರಿಕೆ ಹಿಡಿದಿದೆ. ಕಾಫಿ ಹೋಟೆಲುಗಳಲ್ಲಿ ಜನ ಮಳೆಯ ವಿಷಯವನ್ನೂ ಅತ್ತಿತ್ತ ನೋಡಿಯೇ ಆಡುತ್ತಾರೆ.

ಮೊನ್ನೆ ಬೆಲ್ಲ ಮಾರಲು ಬಂದಿದ್ದ ಕೊತ್ತತ್ತಿಯ ಚಲುವೇಗೌಡ ಎಡಗೆನ್ನೆ ಮುಗಿದ ಕೂಡಲೆ ಬಾಯಿಬಿಟ್ಟ: "ಆ ಅಮಲ್ದಾರ್‌ನ ನಾಲೆ ತೂಬಿಗೆ ಕಟ್ಟಾಕಿ ನೀರು ಬುಡ್ಬೇಕು ಕಣ್ಲಾ. ಕಂದಾಯ ತಾನೇ ಇಳೀತದೆ." ಏಕವಚನ ಕೇಳಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಮರದ ಹಿಂದಿನಿಂದ ದಫೇದಾರರು ಕಾಣಿಸಿಕೊಂಡರು. ಚಲುವೇಗೌಡ ಕೊರಳಿನ ವಸ್ತ್ರದ ಸಮೇತ ಓಟ ಕಿತ್ತ.

ಮಾತು ದಫೇದಾರರ ಕಿವಿಗೆ ಬಿದ್ದಿತ್ತು, ಮುಖ ಕಂಡಿರಲಿಲ್ಲ. "ಯಾರ್ಲಾ ಅವನು?" "ಗೊತ್ತಿಲ್ಲ ಬುದ್ಧಿ," ಎಂದರು ಕೆಂಪಸಿದ್ದಯ್ಯ. ಅಂದಿನಿಂದ ಬಸ್ಸು, ರೈಲುಗಳಲ್ಲಿ ಬಲಗೆನ್ನೆಗೆ ಮಾತ್ರ ಗಡ್ಡವಿರುವ ಒಬ್ಬ ಪ್ರಜೆಯ ಶೋಧ ನಡೆದಿದೆ. ಹಲ್ಲುನೋವಿಗೆ ಮುಖ ಕಟ್ಟಿಕೊಂಡಿದ್ದ ಇಬ್ಬರು ವಿನಾಕಾರಣ ಪಟ್ಟಿ ಬಿಚ್ಚಬೇಕಾಯಿತು. ಚಲುವೇಗೌಡ ತನ್ನೂರ ಕ್ಷೌರಿಕನ ಹತ್ತಿರ ಮಿಕ್ಕಿದ್ದನ್ನು ಬೋಳಿಸಿಕೊಳ್ಳಬಾರದಿತ್ತೇ? ಆಗದು. ಒಬ್ಬರು ಹಿಡಿದ ಮುಖಕ್ಕೆ ಇನ್ನೊಬ್ಬರು ಕತ್ತಿ ಹಾಕುವುದು ಈ ಕಸುಬಿನಲ್ಲಿ ಇಲ್ಲ.

"ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ," ಎನ್ನುತ್ತಾರೆ ಕೆಂಪಸಿದ್ದಯ್ಯ, ಮೇಷ್ಟ್ರಿಗೆ. "ಸೋಮಿ ಅಂತಾಳೆ, ಯೆಸ್ರು ಯೋಳ್ಬುಡು, ನಮ್ಗ್ಯಾಕೆ ಅಂತ. ಕೂರ್ಸಿ ಮಾತಾಡ್ಸಿದ್ದು ನಾನಲ್ವಾ? ಕೈ ಇಂಗೇ ನಡುಗ್ತಿದ್ರೆ ನನ್ ಮುಂದೆ ಯಾರು ಕತ್ತು ಕೊಡ್ತಾರೆ?"

ಬಿಸಿಲು ಅರಳಿಯ ಎಲೆಗೆ ಇಳಿಯುತ್ತದೆ. ದಫೇದಾರರು ಬಂದು ನಿಲ್ಲುತ್ತಾರೆ. "ಏನ್ಲಾ, ನೆನಪಾಯ್ತಾ?" ಕೆಂಪಸಿದ್ದಯ್ಯನವರು ಪೆಟ್ಟಿಗೆಯ ಮುಚ್ಚಳ ಹಾಕಿ ಏಳುತ್ತಾರೆ.

ಆಗ ರಸ್ತೆಯಾಚೆ ನಿಂತ ಗಾಡಿಯಿಂದ ಮುಖಕ್ಕೆ ವಸ್ತ್ರ ಸುತ್ತಿಕೊಂಡ ಆಳೊಂದು ಇಳಿದು, ನೇರ ಬಂದು, ಕಲ್ಲಿನ ಮೇಲೆ ಕೂರುತ್ತದೆ. ವಸ್ತ್ರ ಬಿಚ್ಚಿದರೆ ಎಡಗಡೆ ನುಣುಪು, ಬಲಗಡೆ ಪೊದೆ.

"ಮಿಕ್ಕಿದ್ದ ಮಾಡ್ಲಾ ಸಿದ್ದ. ನಿನ್ನ ವಸ್ತ್ರಾನೂ ತಂದಿವ್ನಿ," ಎನ್ನುತ್ತಾನೆ ಚಲುವೇಗೌಡ. ದಫೇದಾರರತ್ತ ತಿರುಗುತ್ತಾನೆ. "ನಾನು ಕೊತ್ತತ್ತಿ ಚಲುವೇಗೌಡ. ಆ ಮಾತು ನಂದು. ಅಮಲ್ದಾರ್ರನ್ನ ಕಟ್ಟಾಕ್ಬೇಕು ಅಂದಿದ್ದು ತಪ್ಪು. ಅವ್ರನ್ನ ಅವ್ನು ಇವ್ನು ಅನ್ನಂಗೆ ಅಂದಿದ್ದೂ ತಪ್ಪು. ಕಂದಾಯ ಜಾಸ್ತಿ ಅಂದಿದ್ದು ತಪ್ಪಲ್ಲ. ಅದನ್ನ ಅವ್ರ ಎದುರ್ಗೂ ಯೋಳ್ತೀನಿ."

ದಫೇದಾರರು ಅವನ ರಟ್ಟೆಗೆ ಕೈ ಹಾಕುತ್ತಾರೆ. ಮೇಷ್ಟ್ರು ಎದ್ದು ನಿಲ್ಲುತ್ತಾರೆ. "ದಫೇದಾರರೇ, ಉತ್ತರ ಹೇಳುವ ಸರದಿ ನನ್ನದು. ಮೊನ್ನೆಯಿಂದ ಬಾಕಿ ಇದೆ. ಒಂದು ಕೆನ್ನೆಯ ಹೊತ್ತು ದಯವಿಟ್ಟು ಕೂತುಕೊಳ್ಳಿ."

ದಫೇದಾರರು ಆ ಅರ್ಧ ಮುಖವನ್ನು ನೋಡುತ್ತಾರೆ. ಇಂಥದ್ದನ್ನು ಬಜಾರಿನುದ್ದಕ್ಕೂ ನಡೆಸಿಕೊಂಡು ಹೋಗುವುದು ಅವರಿಗೂ ಮುಜುಗರವಿರಬಹುದು. ಕೂರುತ್ತಾರೆ.

ಕತ್ತಿ ಬಲಗೆನ್ನೆಗೆ ಬರುತ್ತದೆ. "ಚಲುವೇಗೌಡರೇ," ಎಂದು ಆರಂಭಿಸುತ್ತಾರೆ ಮೇಷ್ಟ್ರು, "ನಾಲೆ ಬರುವ ಮುಂಚೆ ನಿಮ್ಮೂರಿನಲ್ಲಿ ಹುರುಳಿಗೂ ಆಕಾಶ ನೋಡಬೇಕಿತ್ತು. ನೀರು ಕೊಟ್ಟವರು ಕೇಳುವುದು ನ್ಯಾಯ. ಎಷ್ಟು ಕೇಳಬೇಕು ಎಂಬಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದ್ದೀತು. ಅರ್ಜಿ ಬರೆಯೋಣ. ನಾನು ಬರೆಯುತ್ತೇನೆ, ಕೆಳಗೆ ನಿಮ್ಮ ಹೆಸರಿರಲಿ. ಬರೆದವನೆಂದು ನನ್ನದೂ ಇರಲಿ." ಚಲುವೇಗೌಡನ ಕಣ್ಣು ಮಾತ್ರ ಆಡುತ್ತದೆ.

ಕ್ಷೌರ ಮುಗಿದಾಗ ಕೆಂಪಸಿದ್ದಯ್ಯ ಕತ್ತಿ ಒರೆಸುತ್ತಾರೆ. "ಬುದ್ಧಿ, ನಂಗೆ ಇವ್ರ ಯೆಸ್ರು ಗೊತ್ತಿತ್ತು. ಗೊತ್ತಿಲ್ಲ ಅಂದಿದ್ದು ಸುಳ್ಳು."

ದಫೇದಾರರು, "ಹತ್ತು ಗಂಟೆಗೆ ಸ್ಟೇಷನ್ನಿಗೆ ನೀನೂ ಬಾ," ಎಂದು ಚಲುವೇಗೌಡನನ್ನು ಕರೆದುಕೊಂಡು ಹೊರಡುತ್ತಾರೆ. ಮೇಷ್ಟ್ರು ಅರ್ಜಿಯ ಕಾಗದ ತರಲು ಮನೆಯತ್ತ ನಡೆಯುತ್ತಾರೆ, ತಮ್ಮ ಗಡ್ಡವನ್ನು ಮರೆತು. ಸ್ಟೇಷನ್ನಿನಲ್ಲಿ ಏನು ಕಾದಿದೆಯೋ ಕಟ್ಟೆಯಲ್ಲಿ ಯಾರಿಗೂ ತಿಳಿಯದು.

ಕೆಂಪಸಿದ್ದಯ್ಯನವರ ಕೈ ಮತ್ತೆ ನಡುಗತೊಡಗಿದೆ. ಕತ್ತಿಯನ್ನು ಪೆಟ್ಟಿಗೆಗೆ ಸೇರಿಸುವುದೇ ಕಷ್ಟವಾಗುತ್ತದೆ.

"ವಾಪಸ್ ಬಂದಾಗ ಈ ಕಲ್ಲು ನನ್ಗೇ ಇದ್ರೆ ಸಾಕು ಸ್ವಾಮಿ," ಎಂದು ಕಟ್ಟೆಯಲ್ಲಿ ಉಳಿದವರಿಗೆ ಹೇಳುತ್ತಾರೆ. ಬಜಾರಿನ ತಿರುವಿನಲ್ಲಿ ಮರೆಯಾಗುತ್ತಿರುವ ಚಲುವೇಗೌಡನನ್ನು ನೋಡಿ, ಸಣ್ಣ ದನಿಯಲ್ಲಿ ಸೇರಿಸುತ್ತಾರೆ: "ಆ ಬಲಗೆನ್ನೆ ನೋಡುದ್ರಾ? ಒಂದು ಗೀರೂ ಬಿದ್ದಿಲ್ಲ."