ಮಂಡಿಯ ಚೀಟಿಯಲ್ಲಿ ಕಲಿತ ಅಕ್ಷರ

ತರಗುಪೇಟೆಯ ಮಂಡಿಯಲ್ಲಿ ಮೊರ ಹಿಡಿದು ಕೂರುವ ಮೊದಲು ಚಿಕ್ಕಮುನಿಯಮ್ಮ ಒಂದು ಹಿಡಿ ಕಾಳು ತೆಗೆದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಅನ್ನವಾಗುವ ವಸ್ತುವನ್ನು ಕಾಲ ಬಳಿ ಇಟ್ಟುಕೊಂಡು ಕೂರುತ್ತೇವಲ್ಲ, ಮೊದಲೇ ಕ್ಷಮೆ ಕೇಳಬೇಕು ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಕಾಳು ಕೇರಿದ ಕೈ ಅದು. ಕಣ್ಣು ಮುಚ್ಚಿ ಮುಟ್ಟಿದರೂ ಹೆಸರುಕಾಳು ಯಾವುದು, ಅಲಸಂದೆ ಯಾವುದು ಎಂದು ಹೇಳುತ್ತಿದ್ದರು. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ.

ಅವರ ಒಬ್ಬನೇ ಮಗ ಮಂಜುನಾಥ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ೧೯೯೯ರಲ್ಲಿ ಕಾರ್ಗಿಲ್ ಯುದ್ಧ ಶುರುವಾದಾಗ ಅವನ ಲಾರಿಯೂ ಆ ಬೆಟ್ಟಗಳ ದಾರಿ ಹಿಡಿಯಿತು. ಚಾಮರಾಜಪೇಟೆಯ ವಠಾರಕ್ಕೆ ಅವನ ಪತ್ರ ಬಂದಾಗಲೆಲ್ಲ ಓದಿ ಹೇಳುತ್ತಿದ್ದವರು ಎದುರು ಮನೆಯ ವರದರಾಜ ಅಯ್ಯಂಗಾರರು, ನಿವೃತ್ತ ಗುಮಾಸ್ತರು.

“ಕೇಳಮ್ಮ. ‘ಇಲ್ಲಿ ಎಲ್ಲ ಕ್ಷೇಮ. ಯುದ್ಧ ಬಹಳ ದೂರದಲ್ಲಿದೆ. ದಿನಾ ಎರಡು ಲೋಟ ಗಟ್ಟಿ ಹಾಲು ಕುಡಿದು ದಪ್ಪಗಾಗಿದ್ದೇನೆ.’”

“ಹಾಲಾ, ಸ್ವಾಮಿ?”

“ಹೂಂ, ಹಾಲೇ.”

ಮಂಜುನಾಥ ಮೂರು ವರ್ಷದವನಿದ್ದಾಗಿನಿಂದ ಹಾಲು ಕಂಡರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ಬಲವಂತ ಮಾಡಿದರೆ ವಾಂತಿ. ತಾಯಿಗೆ ನೋವಾಗದಿರಲಿ ಎಂದು ಅಯ್ಯಂಗಾರರು ಪತ್ರವನ್ನು ತಾವೇ ಕಟ್ಟಿ ಹೇಳುತ್ತಿದ್ದಾರೆ ಎಂದು ಚಿಕ್ಕಮುನಿಯಮ್ಮನವರಿಗೆ ಗೊತ್ತಾಗಿಹೋಯಿತು. ಪತ್ರ ಮಡಿಸಿ ದೇವರ ಪಟದ ಹಿಂದಿಟ್ಟರು. ಹಾಲು ಸುಳ್ಳಾದರೆ ಕ್ಷೇಮವೂ ಸುಳ್ಳೇ? ಮಗ ನಿಜವಾಗಿ ಏನು ಬರೆದಿದ್ದಾನೆ? ಬೇರೆಯವರಿಗೆ ಕೊಟ್ಟರೆ ಅವರೂ ಮರುಗಿ ಮರೆಮಾಚಿದರೆ?

ಮರುದಿನ ಮಂಡಿಯಲ್ಲಿ ಅವರ ಕಣ್ಣು ರಾಶಿಗಳಿಗೆ ಸಿಕ್ಕಿಸಿದ್ದ ರಟ್ಟಿನ ಚೀಟಿಗಳ ಮೇಲೆ ನಿಂತಿತು. ರಾಶಿ ಯಾವುದೆಂದು ಗೊತ್ತು. ಹಾಗಾದರೆ ಚೀಟಿಯಲ್ಲಿ ಬರೆದಿರುವುದೂ ಅದೇ ತಾನೇ? ಅವರೆಯ ರಾಶಿಯಿಂದ ಅ ಕಲಿತರು, ಮಡಿಕೆ ಕಾಳಿನಿಂದ ಮ. ಮೊರದಲ್ಲಿ ಕಾಳನ್ನು ತೆಳ್ಳಗೆ ಹರಡಿ ಬೆರಳಲ್ಲಿ ತಿದ್ದುತ್ತಿದ್ದರು, ಕೇರಿದರೆ ಅಳಿಸಿಹೋಗುತ್ತಿತ್ತು. ತೀರಾ ತೊಡಕಾದಾಗ ಮಾತ್ರ ಮಂಡಿಯ ಯಜಮಾನ ಪರಮಶಿವಯ್ಯನವರನ್ನು ಕೇಳುತ್ತಿದ್ದರು.

“ಏನಮ್ಮ, ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಕಟ್ತೀಯಾ?”

“ಕಟ್ತೀನಿ ಯಜಮಾನ್ರೇ. ಆಮೇಲೆ ನಿಮ್ ಗಲ್ಲಾ ಮೇಲೆ ನಾನೇ ಕೂರ್ತೀನಿ. ಮೊದ್ಲು ಈ ಅಕ್ಕಿ ಚೀಟೀಲಿ ಕೆಳಗೆ ನೇತಾಡ್ತಿರೋದು ಏನು ಹೇಳಿ.”

ಆರು ವಾರ ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ದೀಪ ಹಚ್ಚಿ, ಪಟದ ಹಿಂದಿನ ಪತ್ರ ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿದರು.

“ಅಮ್ಮ, ನಮ್ಮ ಮುಂದಿನ ಲಾರಿಗೆ ಶೆಲ್ ಬಿತ್ತು. ಓಡಿಸುತ್ತಿದ್ದವನು ಹೋಗಿಬಿಟ್ಟ. ನನಗೆ ಹೆದರಿಕೆಯಾಗುತ್ತೆ. ಆದರೂ ಇವತ್ತಿನವರೆಗೆ ಒಂದು ದಿನವೂ ಲಾರಿ ನಿಲ್ಲಿಸಿಲ್ಲ.”

ಅತ್ತರು. ಅಳುತ್ತಲೇ ಇನ್ನೊಮ್ಮೆ ಓದಿದರು, ಈ ಸಲ ಜೋರಾಗಿ. “ನಿಜ ಗೊತ್ತಾದ್ಮೇಲೆ ತಾನೇ ದೇವರ ಹತ್ರ ಏನು ಕೇಳ್ಬೇಕು ಅನ್ನೋದು ಗೊತ್ತಾಗೋದು,” ಎಂದು ಈಗ ಎಪ್ಪತ್ತೈದು ದಾಟಿದ ಮೇಲೂ ಹೇಳುತ್ತಾರೆ.

ಮುಂದಿನ ಪತ್ರ ಬಂದಾಗ ಯುದ್ಧ ಮುಗಿದಿತ್ತು. ಅಯ್ಯಂಗಾರರು ಕನ್ನಡಕ ಒರೆಸಿಕೊಂಡು ಕೈಚಾಚಿದರು. ಚಿಕ್ಕಮುನಿಯಮ್ಮ ಕೊಡಲಿಲ್ಲ. ಜಗಲಿಯ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ವಠಾರಕ್ಕೆಲ್ಲ ಕೇಳುವಂತೆ ಓದಿದರು.

“ಅಮ್ಮ, ಗೆದ್ದೆವು. ನನ್ನ ಎಡಗೈಗೆ ಶೆಲ್ಲಿನ ಚೂರು ತಾಗಿ ಆರು ಹೊಲಿಗೆ ಬಿದ್ದಿದೆ. ವಾಸಿಯಾಗುತ್ತಿದೆ. ಮುಂದಿನ ತಿಂಗಳು ರಜೆ.”

ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯುತ್ತಿತ್ತು. ಯಾರೂ ಎತ್ತಲಿಲ್ಲ.

ಅಯ್ಯಂಗಾರರ ಮುಖ ಸಣ್ಣಗಾಯಿತು. “ಹಾಗಾದ್ರೆ ಹಳೇ ಪತ್ರಾನೂ ಓದ್ಕೊಂಡ್ಯಾ?”

“ಎಲ್ಲಾನೂ ಓದ್ದೆ ಸ್ವಾಮಿ. ನನ್ ಸಂಕಟ ನೋಡ್ಲಾರದೆ ಹಾಗ್ ಮಾಡಿದ್ರಿ, ಗೊತ್ತು. ಆದ್ರೆ ಅವ್ನು ಅಷ್ಟೆಲ್ಲ ತಡ್ಕೊಂಡಿದಾನೆ. ನಾನು ಕೇಳಿಸ್ಕೊಳ್ಳೋದಾದ್ರೂ ಬೇಡ್ವಾ?”

ಅಯ್ಯಂಗಾರರು ತಮ್ಮ ಮನೆಯೊಳಗೆ ಹೋಗಿ ಹೊಸ ಇನ್‌ಲ್ಯಾಂಡ್ ಪತ್ರ, ಪೆನ್ನು ತಂದರು. “ಉತ್ತರಾನಾದ್ರೂ ಬರ್ಕೊಡ್ತೀನಿ. ಒಂದಕ್ಷರ ಸೇರಿಸಲ್ಲ, ದೇವರಾಣೆ.”

“ಬೇಡಿ ಸ್ವಾಮಿ,” ಎಂದರು ಚಿಕ್ಕಮುನಿಯಮ್ಮ. “ತಪ್ಪಿದ್ರೂ ಪರ್ವಾಗಿಲ್ಲ, ಅವ್ನಿಗೆ ನನ್ ಕೈಬರಹಾನೇ ಹೋಗ್ಲಿ.”