ಬಸವನಹುಳುವಿಗೆ ನಾಮಕರಣ

ನನ್ನ ತಂಗಿಯ ಮಗಳು ಅಹಲ್ಯಾ ಹಿಂಡನ್ ನದಿಯ ಕೆಸರಿನಲ್ಲಿ ಬಸವನಹುಳು ಹೆಕ್ಕುವವಳು. ಲಕ್ಷ್ಮೀ ನಗರದ ನನ್ನ ಹೋಟೆಲಿಗೆ ಊಟಕ್ಕೆ ಬರುವಾಗಲೂ ಆ ನಾತವನ್ನು ಹೊತ್ತೇ ಬರುತ್ತಿದ್ದಳು. "ಮೊದಲು ಕೈ ತೊಳಿ ಮಾರಾಯ್ತಿ" ಎಂದು ಗದರಿದರೆ ನಗುತ್ತಿದ್ದಳು. ಡಿಎನ್‌ಎ ಹೋಲಿಸಿ, ಯಾವ ಹುಳು ಯಾವುದರ ದಾಯಾದಿ ಎಂದು ವಂಶದ ಮರ ಬರೆಯುವುದು ಅವಳ ಪಿಎಚ್‌ಡಿ. ಅದಕ್ಕಾಗಿ, ಬಂದ ಮದುವೆ ಸಂಬಂಧಗಳನ್ನೆಲ್ಲ ಬೇಡವೆಂದಿದ್ದಳು.

ಗೈಡ್ ಚಂದ್ರಮೋಹನರಿಗೆ ಬೇಕಾದದ್ದು ಹೊಸ ಪ್ರಭೇದ. ಲ್ಯಾಬಿಗೆ ದುಡ್ಡು ಕೊಟ್ಟ ಇಂದಿರಾಪುರಂನ ಬಿಲ್ಡರನಿಗೆ, ನಿಮ್ಮ ತಾಯಿಯ ಹೆಸರನ್ನೇ ಹುಳುವಿಗೆ ಇಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಆ ನಾಮಕರಣ ಸಮಾರಂಭದ ಊಟದ ಆರ್ಡರು ನನಗೇ ಬಂತು. ಆದರೆ ಮರ ಒಪ್ಪಬೇಕಲ್ಲ! ಕಂಪ್ಯೂಟರು ಅದೇ ಮಾಹಿತಿಯನ್ನು ಕಲಸಿ ಕಲಸಿ ನೂರು ಸಲ ಮರ ಬರೆಯುತ್ತದಂತೆ. ಅವರು ಹೊಸದೆನ್ನುವ ಹುಳುಗಳು ಬೇರೆ ಕೊಂಬೆಯಾಗಿ ನಿಂತದ್ದು ನಲವತ್ತಾರು ಸಲ ಮಾತ್ರ.

"ಅಡ್ಡ ಬರೋ ಹುಳುಗಳನ್ನ ಲೆಕ್ಕದಿಂದ ತೆಗಿ, ತೊಂಬತ್ತು ದಾಟುತ್ತೆ. ಇಲ್ದಿದ್ರೆ ನಿನ್ನ ಥೀಸಿಸ್‌ಗೆ ಸಹಿ ಹಾಕಲ್ಲ" ಅಂದರಂತೆ ಆ ಪುಣ್ಯಾತ್ಮ.

ಥೂ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆರ್ಡರು ಬೇಡವೆನ್ನಲು ಹೊರಟೆ.

"ನೀವು ಅಡುಗೆ ಮಾಡಿ ಮಾಮಾ. ನಾನು ಸುಳ್ಳು ಮರ ತೋರ್ಸಲ್ಲ" ಅಂದಳು ಅಹಲ್ಯಾ.

ಸಮಾರಂಭದಲ್ಲಿ ಬಿಲ್ಡರನ ತಾಯಿಯ ಫೋಟೋಕ್ಕೆ ಆಳೆತ್ತರದ ಹಾರ. ಹುಳುವಿನ ಚಿತ್ರ ಮೂಲೆಯಲ್ಲೆಲ್ಲೋ. ಅಹಲ್ಯಾ ಒಂದು ಹುಳುವನ್ನೂ ಬಿಡದೆ ಬರೆದ ಮರವನ್ನು ಪರದೆಯ ಮೇಲೆ ಹಾಕಿ, ಇಷ್ಟರಿಂದ ಇದನ್ನು ಹೊಸ ಪ್ರಭೇದ ಎನ್ನಲಾಗದು ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದಳು. ಚಂದ್ರಮೋಹನರ ಮುಖ ಬಿಳುಚಿತು. ಭಲೇ ಹುಡುಗಿ ಅಂದುಕೊಂಡೆ.

ಬಿಲ್ಡರ್ ಎದ್ದು ನಿಂತ. "ಅರೇ ಬೇಟಿ, ನೂರಕ್ಕೆ ನಲವತ್ತಾರು ಓಟು ಕಮ್ಮೀನಾ? ನಾನು ಸೊಸೈಟಿ ಎಲೆಕ್ಷನ್ ಗೆದ್ದದ್ದೇ ಮೂವತ್ತೆಂಟರಲ್ಲಿ!"

ಸಭೆಯೆಲ್ಲ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಚಂದ್ರಮೋಹನರು. ಹೆಸರಿಟ್ಟಾಯಿತು, ಪ್ರೊಫೆಸರುಗಳೆಲ್ಲ ನನ್ನ ಕೇಸರಿಬಾತಿಗೆ ಮುಗಿಬಿದ್ದರು. ಛೀ, ಅವರಿಗೆ ಬಡಿಸಿದ ಸೌಟನ್ನು ಕಂಡರೇ ಅಸಹ್ಯವಾಯಿತು.

ಅಹಲ್ಯಾ ಅಡುಗೆಮನೆಗೆ ಬಂದಳು. "ಈ ಹುಳುವಿನ ಪೇಪರಿಂದ ನನ್ನ ಹೆಸರು ತೆಗೀರಿ ಅಂದೆ ಮಾಮಾ. ಥೀಸಿಸ್ ಹೋಯ್ತು."

ಅಂದು ಅವಳು ಕೆಸರು ಮುಟ್ಟಿರಲಿಲ್ಲ. ಆದರೂ ನಲ್ಲಿಯ ಕೆಳಗೆ ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಲೇ ಇದ್ದಳು.

"ಸಾಕು ಮಗಾ, ಊಟಕ್ಕೆ ಬಾ" ಅಂದೆ.

"ಸರ್ ಕಂಗ್ರಾಟ್ಸ್ ಅಂತ ಕೈ ಕುಲುಕಿದ್ರು ಮಾಮಾ" ಅಂದಳು.